ಸೆಪ್ಟೆಂಬರ್, ರುಧಿರೋದ್ಗಾರಿ ಸಂವತ್ಸರ

ಮದ್ದೂರು ಸ್ಟೇಷನ್ನಿನಿಂದ ಮಳವಳ್ಳಿಗೆ
ಪತ್ರಿಕೆ ಬರುವಷ್ಟರಲ್ಲಿ ಸುದ್ದಿಗೆ ಗಡ್ಡ ಬಂದಿರುತ್ತಿತ್ತು.
ಓದುವವನು ನಾನು. ಹನ್ನೆರಡು ವರ್ಷ,
ಅರ್ಧಕ್ಕೆ ಬಿಟ್ಟ ಸ್ಕೂಲು, ವಾರಕ್ಕೆ ಎರಡಾಣೆ,
ಹಯಾತ್ ಸಾಹೇಬರ ರೇಷ್ಮೆ ಕೊಟ್ಟಿಗೆಯಲ್ಲಿ
ಗೂಡಿನ ಮೂಟೆ ಮೇಲೆ ಕೂತು.

ಕೈಗೆ ಬಿಡುವಿಲ್ಲದವರಿಗೆ ಕಿವಿಗೆ ಬಿಡುವಿರುತ್ತೆ
ಅನ್ನುವುದು ಸಾಹೇಬರ ಲೆಕ್ಕ.
ಜಗಳ ಬಿಟ್ಟು ಸುದ್ದಿ ಕೇಳಿದರೆ
ಎಳೆ ಕಡಿಯುವುದು ಕಡಿಮೆಯಂತೆ.

ಮೊದಲ ದಿನ ಇಟಲಿಯ ಹಡಗು.
ಗ್ರೀಕರ ದ್ವೀಪದ ಕೋಟೆಗೆ ಗುಂಡಿಟ್ಟಿತು.
ಕೋಟೆ ತುಂಬ, ಬೇರೊಂದು ಯುದ್ಧದಿಂದ
ಓಡಿಬಂದ ಮಕ್ಕಳು ಮರಿ.
"ಮುಗೀತು ಅಂದಿದ್ದಲ್ಲೋ ಯುದ್ಧ?"
ಬೀಬೀಜಾನ್ ಗದರಿದಳು,
ನಾನೇ ಮುಗಿಸಿ ನಾನೇ ಶುರು ಮಾಡಿದ ಹಾಗೆ.

ನಿಂಗಾಜಮ್ಮ ಮಾತಾಡಲಿಲ್ಲ.
ಹೇಸರಗತ್ತೆ ಹೊಡೆಯಲು ಬಸ್ರಾಕ್ಕೆ ಹೋದ ತಮ್ಮನ ಬದಲು
ಅವಳಿಗೆ ಒಂದು ಬಿಲ್ಲೆ ಬಂದಿತ್ತು.
ಉಪ್ಪಿನ ಮಡಕೆಯೊಳಗೆ ಹೂತಿಟ್ಟಿದ್ದಾಳೆ
ಅನ್ನುವುದು ಊರ ಮಾತು.

ಆಮೇಲೆ ಜಪಾನು. ದಪ್ಪಕ್ಷರ.
ಮಧ್ಯಾಹ್ನ, ಒಲೆ ಉರಿಯುವ ಹೊತ್ತಿಗೆ ಭೂಮಿ ಅಲ್ಲಾಡಿ
ಒಲೆಯ ಬೆಂಕಿ ಊರಿಗೆ ಹತ್ತಿ
ಯೊ... ಯೊಕೊ... ಯೊಕೋಹಾಮ...
"ಯಕ್ಕಮ್ಮ? ಊರೋ, ದೇವರೋ?"
ಹತ್ತು ಚರಕ ಒಟ್ಟಿಗೆ ನಕ್ಕವು.
ಸತ್ತವರ ಸಂಖ್ಯೆ ಓದಿದೆ. ಸೊನ್ನೆಗಳು ಜಾಸ್ತಿ ಇದ್ದವು,
ಎರಡು ಸಲ ತಪ್ಪಿದೆ.

ವಾರದಲ್ಲಿ ತಂತಿ ಬಂತು.
ಯೊಕೋಹಾಮದ ಉಗ್ರಾಣಗಳಲ್ಲಿ ಅಮೆರಿಕಕ್ಕೆ ಹೊರಟಿದ್ದ
ರೇಷ್ಮೆಯೆಲ್ಲ ಬೂದಿ.
ಸಾಹೇಬರು ತಂತಿ ಓದಿ, ಮಡಿಸಿ,
ಟೋಪಿ ತೆಗೆದು, ಮತ್ತೆ ಹಾಕಿಕೊಂಡು
"ಯಾ ಅಲ್ಲಾ" ಅಂದರು. ದುಃಖದ ದನಿಯೇ.
ಕಣ್ಣು ಮಾತ್ರ ತಕ್ಕಡಿ ಕಡೆ.
ಸಂಜೆಗೆ ನೂಲಿನ ದರ ಸೇರಿಗೆ ಎರಡು ರೂಪಾಯಿ ಮೇಲೆ.
ಗೌರಿ ಹಬ್ಬಕ್ಕೆ ಒಬ್ಬೊಬ್ಬಳಿಗೂ ಅರ್ಧ ಸೇರು ಬೆಲ್ಲ.
ಕೂಲಿ ಇದ್ದ ಹಾಗೇ ಇತ್ತು.

ಅಮೆರಿಕದಲ್ಲಿ ಸೂರ್ಯಗ್ರಹಣ, ಹಗಲಲ್ಲೇ ನಕ್ಷತ್ರ.
ಜೋಯಿಸರನ್ನು ಕೇಳಿಬಂದೆ:
"ಇಲ್ಲಿ ಕಾಣದ್ದಕ್ಕೆ ಇಲ್ಲಿ ಸ್ನಾನವಿಲ್ಲ."

ಸ್ಪೇನಿನಲ್ಲಿ ದಂಡಿನವನೊಬ್ಬ ರಾಜ್ಯ ಹಿಡಿದ,
ರಾಜ ಇದ್ದೂ ಇಲ್ಲದ ಹಾಗೆ.
ಜರ್ಮನಿಯಲ್ಲಿ ಒಂದು ರೊಟ್ಟಿಗೆ ಹದಿನೈದು ಲಕ್ಷ.
"ಎಣಿಸಿ ಕೊಡೋಷ್ಟರಲ್ಲಿ ಹಳಸಲ್ವೇನೋ ರೊಟ್ಟಿ?"
ಅವತ್ತು ಬೆಲ್ಲ ತಿಂದಿದ್ದರು, ಜೋರಾಗಿ ನಕ್ಕರು.
ಶಿವನಸಮುದ್ರದ ಕರೆಂಟು ತಲೆ ಮೇಲಿಂದಲೇ
ಕೋಲಾರಕ್ಕೆ ಹೋಗುತ್ತಿತ್ತು.
ನಮ್ಮದು ಬುಡ್ಡಿ ದೀಪ. ಮಸಿ ಒರೆಸಿ ಓದುತ್ತಿದ್ದೆ.

ತಿಂಗಳ ಕೊನೆಗೆ, ಒಳಪುಟದ ಮೂಲೆಯಲ್ಲಿ,
ಜಪಾನಿನಿಂದ ಉಳಿದು ಬಂದ ಯಾರೋ ಹೇಳಿದ್ದು:
ಬೆಂಕಿಗೆ ಹೆದರಿ ಜನ ಕಾಲುವೆಗೆ ಹಾರಿದರು,
ಕೆರೆಗೆ ಹಾರಿದರು.
ನೀರೇ ಕುದಿಯಿತು.

ಚರಕ ಒಂದು ನಿಂತಿತು.
ನಿಂಗಾಜಮ್ಮ ಬಾಣಲೆಯಿಂದ ಕೈ ತೆಗೆದಿದ್ದಳು.
ಬೆಂದು ಬೆಂದು ಬಿಳಿಚಿದ, ಉಗುರೇ ನಿಲ್ಲದ ಬೆರಳು.
"ಹೆಂಗಿತ್ತಂತೆ ನೀರು? ಗುಳ್ಳೆ ಬರೋ ಹಂಗೋ,
ಅದ್ಕೂ ಮುಂಚೇನೋ?"
ಪತ್ರಿಕೆಯಲ್ಲಿ ಬರೆದಿಲ್ಲ ಅಂದೆ.
ನೂಲು ಕೊಟ್ಟು ಮುಗಿಸಿದ ಹುಳಗಳು
ಬಾಣಲೆಯ ತಳದಲ್ಲಿ ಕಂದಾಗಿ ಉರುಳುತ್ತಿದ್ದವು.
"ಓದೋ ಮುಂದಕ್ಕೆ," ಸಾಹೇಬರು ಹೊರಗಿಂದ.
ಮುಂದಕ್ಕೆ ಸೋಪಿನ ಜಾಹೀರಾತು ಇತ್ತು. ಓದಿದೆ.

ಮಾರನೆಯ ದಿನ ಅವಳು ತಡವಾಗಿ ಬಂದಳು.
ಸೀರೆಯಂಚು ಒದ್ದೆ, ಕೂದಲಲ್ಲಿ ನೀರು,
ಹಣೆಯಲ್ಲಿ ಏನೂ ಇಲ್ಲ.
"ಯಾರಕ್ಕ ಹೋದ್ರು?" ಬೀಬೀಜಾನ್ ಎದ್ದು ನಿಂತಳು.
ನಿಂಗಾಜಮ್ಮ ಕೂತು, ಒಲೆಗೆ ಸೌದೆ ದೂಡಿ,
ಕುದಿಯುವ ನೀರಲ್ಲಿ ಎಳೆಯ ತುದಿ ಹುಡುಕುತ್ತ
"ಯಕ್ಕಮ್ಮನೋರು" ಅಂದಳು.

ಈ ಸಲ ಯಾರೂ ನಗಲಿಲ್ಲ.
ಸಾಹೇಬರು ಅರ್ಧ ದಿನದ ಕೂಲಿ ಹಿಡಿದರು.