ಬೇರೆ

ಎರಡನೇ ಮಹಡಿಯ ಈ ಕೋಣೆಯಲ್ಲಿ
ನನಗೆ ಎಪ್ಪತ್ನಾಲ್ಕು ಹೃದಯ.
ಒಂದನ್ನೂ ಮುಟ್ಟಿ ನೋಡಿದವಳಲ್ಲ.
ಬೆಳಿಗ್ಗೆ ಎಂಟರೊಳಗೆ
ಸುರತ್ಕಲ್‌ನಿಂದ, ಉಳ್ಳಾಲದಿಂದ, ಬಜಪೆಯಿಂದ
ತೂಕ ಬರುತ್ತದೆ, ಬಿ.ಪಿ. ಬರುತ್ತದೆ,
ಮಾತ್ರೆ ನುಂಗಿದ್ದಕ್ಕೊಂದು ಹಸಿರು ಚುಕ್ಕೆ.

ಮೂವತ್ತೇಳನೇ ಸಾಲು ಅಪ್ಪಿ ಕರ್ಕೇರ, ಬೆಂಗ್ರೆ.
ತಕ್ಕಡಿಯಿಲ್ಲದೆ ಪಾಲು ಹಾಕಿ ಮೀನು ಮಾರುವವಳು
ದಿನಾ ಬೆಳಿಗ್ಗೆ ತಾನೇ ತಕ್ಕಡಿ ಹತ್ತುತ್ತಾಳೆ.
ಸೋಮವಾರ ಐವತ್ತೆಂಟು.
ಇವತ್ತು ಶುಕ್ರವಾರ, ಅರವತ್ತರ ಮೇಲೆ.
ನೀರಿನ ಮಾತ್ರೆ: ತಗೊಂಡಿಲ್ಲ.
ಕಾರಣಕ್ಕೆ ನಾಲ್ಕು ಚೌಕ ಉಂಟು:
ಮರೆತೆ. ಮುಗಿದಿತ್ತು. ತಲೆ ತಿರುಗಿತು. ಬೇರೆ.
ನಾಲ್ಕು ದಿನವೂ ಒತ್ತಿದ್ದು
ಬೇರೆ.

ಪರದೆಗೆ ಅದು ತಿಳಿಯುವುದಿಲ್ಲ.
ಇನ್ನೊಂದು ಸಲ ಗಂಟೆ ಬಾರಿಸಿ, ಎನ್ನುತ್ತದೆ.

ಫೋನ್ ಮಾಡಿದೆ.
ಕಾಗೆ, ಬಸ್ಸಿನ ಹಾರ್ನ್, ಯಾರದೋ ಬೂತಾಯಿ ಚೌಕಾಶಿ.
"ಬುಟ್ಟಿಯೊಳಗೆ ಕೂತು ಕೂಗ್ತದೆ ಬಾಯಮ್ಮ ನಿಮ್ಮ ಗಂಟೆ,
ಗಿರಾಕಿಗಳು ನಗ್ತಾರೆ."
ಒಣಮೀನು ತಿಂದಿರಾ? ಇಲ್ಲ.
ನೀರು ಜಾಸ್ತಿಯಾಯಿತಾ? ನೀರು ಎಲ್ಲುಂಟು ಇಲ್ಲಿ.
ಕಾಲು ಒಂದು ಸಲ ಒತ್ತಿ ನೋಡಿ.
ಸ್ವಲ್ಪ ಹೊತ್ತು ಬರೀ ಕಾಗೆ.
"ಗುಳಿ ಬೀಳ್ತದೆ. ಹಾಗೇ ನಿಲ್ತದೆ."

ಆಮೇಲೆ ಅವಳೇ, ಧ್ವನಿ ಇಳಿಸಿ:
"ನೀವೂ ಹೆಂಗಸಂತ ಹೇಳುದು.
ಏಳಕ್ಕೆ ನುಂಗಿದರೆ ಹತ್ತರೊಳಗೆ ನಾಲ್ಕು ಸಲ ಏಳಬೇಕು.
ಈ ತಿರುವಿನಲ್ಲಿ ಎದ್ದು ಎಲ್ಲಿಗೆ ಹೋಗುದು?
ಮೊದಲು ಹಿಂದೆ ಒಂದು ಹಿತ್ತಲಿತ್ತು.
ಈಗ ಫ್ಲಾಟು, ವಾಚ್‌ಮನ್.
ಸೋಮವಾರ ವ್ಯಾಪಾರ ಇಲ್ಲ, ನುಂಗ್ತೇನಲ್ಲ."

ಪರದೆ ಹಿಂದಕ್ಕೆ ಸರಿಸಿದೆ.
ಹೌದು. ಸೋಮವಾರ ಹಸಿರು. ಅದರ ಹಿಂದಿನದೂ.
ಎರಡು ತಿಂಗಳಿಂದ ಕಣ್ಣೆದುರೇ ಇತ್ತು,
ನಾನು ತೂಕ ನೋಡುತ್ತಿದ್ದೆ.

ಮನೆಗೆ ಎಷ್ಟು ಹೊತ್ತಿಗೆ?
"ಒಂದರ ಫೆರಿ ಸಿಕ್ಕಿದರೆ ಒಂದೂವರೆ."
ಡಾಕ್ಟರಿಗೆ ಬರೆದೆ: ನೀರಿನ ಮಾತ್ರೆ ಮಧ್ಯಾಹ್ನ ಎರಡಕ್ಕೆ ಆಗಬಹುದೇ?
ರೌಂಡ್ಸಿನ ನಡುವೆ ಉತ್ತರ ಬಂತು:
ಆಗಬಹುದು. ಇವತ್ತೇ. ಉಸಿರು ಕಟ್ಟಿದರೆ ಕಾಯುವುದು ಬೇಡ.
ಅದೇ ಮಾತ್ರೆ, ಅಷ್ಟೇ ಪ್ರಮಾಣ.
ಏಳರ ಗಂಟೆಯನ್ನು ಎತ್ತಿ
ಎರಡರ ಮೇಲಿಟ್ಟೆ.

ಭಾನುವಾರ, ಐವತ್ತೊಂಬತ್ತು.
ಬುಧವಾರ, ಐವತ್ತೆಂಟು ಇನ್ನೂರು.
ಮಧ್ಯೆ ಒಂದು ದಿನ ತಗೊಂಡಿಲ್ಲ:
ಫೆರಿ ತಡ ಆಯಿತಂತೆ. ಅದಕ್ಕೂ ಚೌಕವಿಲ್ಲ.

ಊಟದ ಹೊತ್ತಿಗೆ ಬಾಗಿಲು ಹಾಕಿ
ಬೇರೆ ಎಂದವರನ್ನಷ್ಟೇ ಹುಡುಕಿದೆ.
ಹನ್ನೊಂದು ಜನ.
ಮೊದಲನೆಯವರು ಬಸ್ ಕಂಡಕ್ಟರ್,
ಸ್ಟೇಟ್‌ಬ್ಯಾಂಕ್‌ನಿಂದ ತಲಪಾಡಿಗೆ, ದಿನಕ್ಕೆ ಎಂಟು ಸಲ.
ರಿಂಗ್ ಆಗುತ್ತಾ ಉಂಟು.