ತೂಕಕ್ಕೊಂದು ಫರಸಿ

ನಿಜಾಮನ ಕಾಲದ ಫೋನು ಬೇಕು, ಅಂದ ಅಂಬಾದಾಸ.
ಖರೇ ಫೋನಿಗೆ ಹೈದರಾಬಾದದಾಗ
ದಿನದ ಬಾಡಿಗಿ ಎರಡು ಸಾವಿರ.
ನನ್ನ ಕೈಗೆ ಬಂದದ್ದು ಆರುನೂರು, ಒಂದು ಝೆರಾಕ್ಸು.
ಅದರಾಗ ಫೋನಿಗಿಂತ
ಫೋನ್ ಹಿಡಿದವನ ಮೀಸೀನೇ ದೊಡ್ಡದು.

ಮೈಗೆ ಜಾಲಿ ಕಟ್ಟಿಗಿ.
ರಿಸೀವರಿಗೆ ನಳದ ಪೈಪು, ಉರಿಗೆ ಹಿಡಿದು ಬಗ್ಗಿಸಿದ್ದು.
ಮಾತಾಡೋ ಕಡೆ ಚಹಾ ಸೋಸೋ ಜಾಳಗಿ.
ಹೆಂಡತಿ ಎರಡು ದಿನ ಹುಡುಕಿದಳು, ನಾ ಬಾಯಿ ಬಿಡಲಿಲ್ಲ.
ಡಯಲಿಗೆ ಡಬ್ಬಿ ಮುಚ್ಚಳ, ಹತ್ತು ತೂತು.
ತೂತಿನ ತಳಕ್ಕ ಉರ್ದು ಅಂಕಿ ಬರೀಲಿಕ್ಕೆ
ಓಣಿಯ ಖೈರುನ್ನಿಸಾ ಟೀಚರು ಬಂದರು,
ಚಾಳೀಸು ಏರಿಸಿ ಒಂಬತ್ತೂ ಬರದು
ಸೊನ್ನಿ ಜಾಗಕ್ಕ ಒಂದು ಚುಕ್ಕಿ ಇಟ್ಟು ಎದ್ದರು.
ಇಷ್ಟೇ ಏನ್ರಿ?
ನಮ್ಮ ಸೊನ್ನಿ ಇಷ್ಟೇ, ಮೌನೇಶ.

ಹೊಸದು ಮಾಡೋದು ನನಗ ಬರ್ತದ.
ಮೂವತ್ತು ವರ್ಷ ಬಾಗಲಾ ಕಿಡಕಿ ಕೂಡಿಸಿದ ಕೈ.
ಹಳೇದು ಮಾಡೋದು ಬ್ಯಾರೆ ವಿದ್ಯಾ.
ಕೈ ಬೀಳೋ ಕಡೆ ಬಣ್ಣ ಸವೀಬೇಕು,
ಬೀಳದ ಕಡೆ ಧೂಳು ಕೂಡಬೇಕು.
ಅಂದ್ರ ಮೊದಲು ಒಂದು ಕೈ ಬೇಕು.
ಯಾರದು? ಉಂಗುರ ಇತ್ತೋ?
ಅತ್ತರಿನ ಕೈಯೋ, ಎಣ್ಣಿ ಜಿಡ್ಡೋ?
ಕಥಿಯೊಳಗ ಹಂಗೇನೂ ಬರದಿಲ್ಲ, ಅಂದ ಅಂಬಾದಾಸ.
ನಾನೇ ಒಬ್ಬ ಮನಷ್ಯಾನ್ನ ಮಾಡಿಕೊಂಡೆ:
ತಹಸೀಲ ಕಚೇರಿ ಪೇಶ್ಕಾರ, ಎಡಚ,
ಸಿಟ್ಟು ಬಂದ್ರ ರಿಸೀವರ್ ಕುಕ್ಕತಾನ,
ಮಾತು ಬೇಸರಾದ್ರ ಉಗುರಿಂದ ಅಂಚು ಕೆರೀತಾನ.
ಮೂರು ರಾತ್ರಿ ನಾ ಅವನಾಗಿ ಕೆರದೆ.
ಬೂಟ್ ಪಾಲಿಶು, ಒಲಿ ಬೂದಿ, ಇಟ್ಟಂಗಿ ಪುಡಿ.
ಸ್ಕ್ರೂ ಎಲ್ಲಾ ಹುಣಸಿ ನೀರಾಗ, ಮ್ಯಾಲ ಉಪ್ಪು.
ಜನ್ಮವೆಲ್ಲಾ ತುಕ್ಕಿಗೆ ಅಂಜಿದವ
ತುಕ್ಕಿನ ದಾರಿ ಕಾಯ್ತಾ ಕುಂತೆ.

ಅಪ್ಪನ ಸಂದೂಕ ಖರೇನೇ ಹಳೇದು,
ಫೋನಿನ ಬಾಜು ಇರ್ಲಿ ಅಂತ ಒಯ್ದೆ.
ಕ್ಯಾಮರಾದವ ಬ್ಯಾಡ ಅಂದ, ಹೊಸಾದ್ ಕಾಣ್ತದ.
ಅಪ್ಪ ಪ್ರತಿ ಅಮಾಸಿಗೆ ಕೊಬ್ರಿ ಎಣ್ಣಿ ಒರಸ್ತಿದ್ದ.
ಆಟೋದಾಗ ವಾಪಸ್ ತಂದೆ,
ಬಾಡಿಗಿ ನಂದೇ.

ಇನ್ನೊಂದು ತ್ರಾಸು ಉಳೀತು. ಹಗುರ.
ಡಯಲ್ ತಿರುವಿದ್ರ ಫೋನೇ ತಿರುಗ್ತದ.
ಅಂಗಳದಾಗ ಒಡದ ಶಹಾಬಾದ ಫರಸಿ ಬಿದ್ದಿತ್ತು.
ಅಂಗೈಯಷ್ಟು ಕಡದು ಹೊಟ್ಟ್ಯಾಗ ಕುಂದರಿಸಿ
ಎಂ-ಸೀಲ್ ಹಚ್ಚಿ ಹೆಬ್ಬೆಟ್ಟಿಂದ ಒತ್ತಿದೆ.

ಚಿತ್ತಾಪುರದ ವಾಡೆದಾಗ ಶೂಟಿಂಗು.
ಸೇಡಂದ ರತ್ನಮಾಲಾ, ನಾಟಕ ಕಂಪನಿಯಾಕಿ,
ಬಾಡಿಗಿ ರೇಷ್ಮಿ ಸೀರಿ, ಸೆರಗಿಗೆ ಪಿನ್ನು,
ನಮ್ಮ ಮನಿ ಜಾಳಗಿಗೆ ಬಾಯಿ ಹಚ್ಚಿ ಕೇಳಿದಳು:
ಅಪ್ಪಾ, ಕೇಳ್ತದ ಏನು?
ಜನರೇಟರು ಬಂದಾತು. ಎಲ್ಲಾರೂ ಸುಮ್ಮ.
ವೈರಿನ ಆ ತುದಿ ಮೇಜಿನ ಕೆಳಗ ಗಂಟು ಹಾಕಿತ್ತು,
ಇರೋದು ಅಂದ್ರ ಒಂದು ಫರಸಿ ತುಂಡು.
ಅದು ಏನ್ ಹೇಳ್ತೋ.
ಆಕಿ ಹೂಂ ಅಂದಳು.
ಜರಾ ತಡದು ಮತ್ತ ಹೂಂ ಅಂದು
ಕೆಳಗಿಟ್ಟಳು, ಎಡಗೈಲೆ.
ನಾ ಹೇಳಿಕೊಟ್ಟಿದ್ದಿಲ್ಲ.

ಸಿನಿಮಾ ಇನ್ನಾ ಹೊರಗ ಬಂದಿಲ್ಲ.
ನನ್ನ ನಾಕು ಸಾವಿರ ಸೈತ.

ಮೊನ್ನಿ ಕಲಬುರಗಿ ಬಜಾರದಾಗ
ಚಾಂದಪಾಷಾನ ಗುಜರಿ ಅಂಗಡಿ ಮುಂದ,
ಪಂಖಾದ ಮ್ಯಾಲ ಕುಂತಿತ್ತು ನನ್ನ ಫೋನು.
ಸೊಲ್ಲಾಪುರದ ಇಬ್ಬರು ಗಿರಾಕಿ. ಆರು ಸಾವಿರ.
ಜಾಗೀರದಾರರ ಮನಿ ಮಾಲು, ಎತ್ತಿ ನೋಡ್ರಿ,
ಇಂಥಾ ತೂಕ ಈಗಿನದರಾಗ ಎಲ್ಲಿಂದ ಬರ್ಬೇಕು?
ನಾನೂ ಎತ್ತಿದೆ.
ತಳದಾಗ ಕುಣಿ, ಹೆಬ್ಬೆಟ್ಟು ಇಟ್ಟೆ,
ಕರೆಕ್ಟ್ ಕುಂತಿತು.

ನಿಮಗ ಏನ್ ಅನಸ್ತದ ಕಾಕಾ, ಹಳೇದೇ ಅದ ಏನು?
ಚಾಂದಪಾಷಾ ನನ್ನ ಮಾರಿ ನೋಡಿದ.
ನಾ ಫೋನು ಕಿವಿ ಹತ್ರ ಅಲುಗಾಡಿಸಿದೆ.
ಒಳಗ ಲೊಟ್ ಅಂತು.
ಒಳಗಿಂದು, ಅಂದೆ, ಭಾಳ ಭಾಳ ಹಳೇದದ್ರಿ.
ನಿಜಾಮನಕಿಂತ ಹಳೇದು.

ಮನಿಗೆ ಬರೋ ಹಾದ್ಯಾಗ
ಮೂವತ್ತು ರೂಪಾಯಿಗೆ ಒಂದು ಜಾಳಗಿ ತಗೊಂಡೆ.