ನೊರೆ

ಬೆಳಿಗ್ಗೆ ಎದ್ದು ಮೊದಲು ನೋಡುವುದು ನೊರೆಯನ್ನು.
ಒಡೆಯಿತೋ, ನಿಂತೇ ಇದೆಯೋ.
ನೂರರವರೆಗೆ ಎಣಿಸುತ್ತೇನೆ. ಬಾಗಿಲಾಚೆ
ನಾದಿನಿ ಚಿಲಕ ಅಲ್ಲಾಡಿಸುತ್ತಾಳೆ:
ಏನತ್ತಿಗೆ, ಒಳಗೇ ನಿದ್ದೆಯಾ?

ನೊರೆ ನನಗೆ ಹೊಸದಲ್ಲ.
ಶಿಡ್ಲಘಟ್ಟದಲ್ಲಿ ಹನ್ನೊಂದು ವರ್ಷ
ಬಾಷು ಸಾಬರ ಬಿಚ್ಚಾಣಿಕೆ ಶೆಡ್ಡಿನಲ್ಲಿ
ಕುದಿವ ಬೇಸಿನ್ನಿಗೆ ಬೆರಳಿಟ್ಟು ಎಳೆ ಹುಡುಕಿದವಳು.
ಗೂಡು ಅಂಟು ಬಿಟ್ಟಾಗ ಏಳುವ ನೊರೆಗೂ
ಇದೇ ಬಣ್ಣ, ಇದೇ ಹಠ.
"ರೇಷ್ಮೆನೂ ಪ್ರೋಟೀನೇ ಅಲ್ವೇನಮ್ಮ," ಅಂದರು ಡಾಕ್ಟರು,
"ನಿನ್ನ ಕಿಡ್ನಿ ಅದನ್ನ ಹಿಡಿದಿಟ್ಕೊಳ್ತಿಲ್ಲ."
ಹಾಗಾದರೆ ನನ್ನನ್ನೂ ಯಾರೋ ಬಿಚ್ಚುತ್ತಿದ್ದಾರೆ.
ಕೆ.ಜಿ.ಗೆ ಏನು ರೇಟೋ.

ನಮ್ಮೂರಲ್ಲಿ ಚಿಟ್ಟೆ ಹೊರಗೆ ಬರುವಂತಿಲ್ಲ.
ಬಂದರೆ ಗೂಡು ತೂತು, ಎಳೆ ತುಂಡು.
ಅದಕ್ಕೇ ಮೊದಲೇ ಬೇಯಿಸುವುದು.
ಎಷ್ಟು ಲಕ್ಷ ಬೇಯಿಸಿದೆನೋ.
ಒಂದು ತಪ್ಪಿಸಿಕೊಂಡು ಬಂತು,
ಎರಡು ಕೆನ್ನೆಗೂ ಕೆಂಪು ರೆಕ್ಕೆ ಹಾಸಿ
ಮೂಗಿನ ಮೇಲೆ ಕೂತಿತು.
ಹುಳದ ಶಾಪ, ಅಂದಳು ಅತ್ತೆಯ ಅಕ್ಕ.
ಮೂರು ರಾತ್ರಿ ನಂಬಿದೆ.
ನಾಲ್ಕನೆಯ ರಾತ್ರಿ ಅನ್ನಿಸಿತು:
ಶಾಪವಾದರೆ, ಸೀರೆ ಉಟ್ಟವರಿಗೆ ಯಾಕಿಲ್ಲ?

ಇಪ್ಪತ್ತನಾಲ್ಕು ಗಂಟೆಯ ಉಚ್ಚೆ ಕ್ಯಾನಿಗೆ ತುಂಬಿ
ಮಡಿಲಲ್ಲಿಟ್ಟುಕೊಂಡು ಚಿಂತಾಮಣಿ ಮೇಲೆ ಕೋಲಾರದ ಬಸ್ಸು.
"ಕಡಲೆಕಾಯಿ ಎಣ್ಣೆನಾ? ಲಗೇಜ್ ಆಗುತ್ತೆ," ಕಂಡಕ್ಟರು.
"ಹ್ಞೂಂ ಅಣ್ಣ," ಅಂದೆ, "ಮನೆ ಗಾಣದ್ದು."
ಮುಬೀನಾ ದುಪಟ್ಟಾ ಬಾಯಿಗೆ ತುರುಕಿಕೊಂಡು
ಕೈವಾರ ಕ್ರಾಸ್‌ವರೆಗೂ ನಕ್ಕಳು.
ಬಿಸಿಲು ನನ್ನ ಕಡೆ ತಿರುಗಿದಾಗ
ಏನೂ ಹೇಳದೆ ಎದ್ದು ಸೀಟು ಬದಲಿಸಿಕೊಂಡಳು.

ಬೆನ್ನಿಗೆ ಸೂಜಿ ಇಳಿಸಿ ತೆಗೆದದ್ದು ಎರಡು ಎಳೆ,
ಉಗುರಿನಷ್ಟುದ್ದ.
"ಇಷ್ಟರಲ್ಲೇ ಗೊತ್ತಾಗುತ್ತಾ ಸಾರ್?"
"ನೀವು ಹಿಡಿ ಗೂಡು ನೋಡಿ ಲಾಟಿನ ಬೆಲೆ ಹೇಳಲ್ವಾ?"
ನಾಲ್ಕನೇ ಕ್ಲಾಸು ಅಂತ ಬಂತು.
ನಾನು ಓದಿದ್ದೂ ಅಷ್ಟೇ.

ಮಾತ್ರೆ ಹನ್ನೆರಡರಿಂದ ಎಂಟಕ್ಕಿಳಿದಿದೆ.
ಉಪ್ಪು ಮುಟ್ಟದ ಅವರೆಕಾಳಿನ ಸಾರು
ನಾಲಿಗೆಗೆ ಯಾರದೋ ಮನೆಯದು.
ಸಂಜೆಗೆ ಬೆರಳ ಗೆಣ್ಣು ಮಡಚವು,
ಬಾಚಣಿಗೆಯಲ್ಲಿ ಕೂದಲು ಗೊಂಚಲು ಗೊಂಚಲು.
ಮುಖ ಮಾತ್ರ ಉಬ್ಬಿ ದುಂಡಾಗಿ
ನಲ್ಲಿ ಹತ್ತಿರ ಕೇಳುತ್ತಾರೆ:
ಮೈ ತುಂಬ್ಕೊಂಡಿದ್ದೀಯ, ಏನೇ ಸಮಾಚಾರ?
ಮಕ್ಕಳು ಈಗ ಬೇಡ, ಎಂದು
ಕೆಂಪು ಶಾಯಿಯಲ್ಲಿ ಬರೆದ ಚೀಟಿ
ಅರಿಶಿನದ ಡಬ್ಬಿಯ ಅಡಿಗಿದೆ, ನಾಲ್ಕು ಮಡಿಕೆ.
ನಾನು ಕೊಡ ಎತ್ತುತ್ತೇನೆ. ಅರ್ಧ ಕೊಡ.

ಇವತ್ತು ಅರವತ್ತಕ್ಕೇ ಒಡೆಯಿತು.
ತಪ್ಪಿದ್ದೇನೇನೋ ಎಂದು ಮತ್ತೆ ಬಗ್ಗಿ ನೋಡಿದೆ,
ಅಂಚಿನಲ್ಲಿ ಒಂದೆರಡು ಗುಳ್ಳೆ, ಅಷ್ಟೇ.
ಹೇಳಬೇಕೆಂದು ಚಿಲಕ ತೆಗೆದರೆ
ಪ್ರಮೀಳ ಚೊಂಬು ಹಿಡಿದು
ನನ್ನನ್ನು ಸರಿಸಿಕೊಂಡು ಒಳಗೆ ನುಗ್ಗಿದಳು.